ಗಿಡ್ಡಕಾಲಿನ ನಾಯಿಯೊಂದಿಗೆ ಬೆಟ್ಟ ಹತ್ತುವುದು: ಡ್ಯಾಶ್‌ಹಂಡ್ ಸಾಕಿದವರಿಗೆ ಸಮಗ್ರ ಮಾರ್ಗದರ್ಶಿ

ಡ್ಯಾಶ್‌ಹಂಡ್ ಬೆಟ್ಟ ಹತ್ತಬಲ್ಲದು. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಬೇಟೆಯಾಡಲೆಂದು ಬೆಳೆಸಿದ ತಳಿ ಇದು. ಎದೆ ಅಗಲ, ದಮ್ಮು ಗಟ್ಟಿ, ಹಟ ಅದಕ್ಕಿಂತ ಗಟ್ಟಿ. ಅಪಾಯ ಇರುವುದೂ ಆ ಹಟದಲ್ಲೇ: ಸುಸ್ತಾಯಿತೆಂದು ತಾನಾಗಿ ಕೂರುವ ನಾಯಿ ಇದಲ್ಲ, ನೀವು ನಡೆದಷ್ಟೂ ಬರುತ್ತದೆ. ಕಾಲು ಗಿಡ್ಡ ಎನ್ನುವುದು ಕಣ್ಣಿಗೆ ಕಾಣುವ ತೊಡಕು ಮಾತ್ರ. ನಿಜವಾಗಿ ಕಾಯಬೇಕಾದದ್ದು ಬೆನ್ನನ್ನು. ಹತ್ತುವಾಗ ನಾಯಿ ನಡೆಯಲಿ, ಇಳಿಯುವಾಗ ಹೆಚ್ಚು ಭಾಗ ನೀವು ಹೊರಿ. ಕೆಳಗಿನ ಎಲ್ಲ ಹಂತಗಳೂ ಈ ಒಂದು ಲೆಕ್ಕದ ಸುತ್ತಲೇ ಇವೆ.

ಬೆನ್ನಿನೊಳಗೆ ಏನಿದೆ

ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಗಳು ಈ ನಾಯಿಗಳ ಕಾಲನ್ನು ಗಿಡ್ಡವಾಗಿಸುತ್ತವೆ. ಅವುಗಳಲ್ಲಿ 12ನೇ ಕ್ರೋಮೋಸೋಮಿನಲ್ಲಿರುವ ಪ್ರತಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಡಿಸ್ಕ್ ಚಿಕ್ಕ ವಯಸ್ಸಿನಲ್ಲೇ ಒಣಗಿ, ಸುಣ್ಣ ಕಟ್ಟಿ ಗಡಸಾಗುತ್ತದೆ. ಗಡಸಾದ ಡಿಸ್ಕ್ ಒಂದು ದಿನ ಒಡೆದು ಒಳಗಿನ ತಿರುಳು ಬೆನ್ನುಹುರಿಯನ್ನು ಒತ್ತಿದರೆ ಹಿಂಗಾಲು ಸ್ವಾಧೀನ ತಪ್ಪುತ್ತದೆ. ಡ್ಯಾಶ್‌ಹಂಡ್‌ಗಳಲ್ಲಿ ನಾಲ್ಕೈದರಲ್ಲಿ ಒಂದಕ್ಕೆ ಜೀವಮಾನದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. 3ರಿಂದ 7 ವರ್ಷದ ನಡುವೆ ಹೆಚ್ಚು, ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಇನ್ನೂ ಹೆಚ್ಚು.

ಹಾಗೆಂದು ನಾಯಿಯನ್ನು ಸೋಫಾದ ಮೇಲೆ ಕೂರಿಸಿ ಸಾಕುವುದು ಪರಿಹಾರವಲ್ಲ. ನಡಿಗೆಯಿಲ್ಲದೆ ದಪ್ಪಗಾದ ನಾಯಿಯ ಬೆನ್ನಿನ ಮೇಲೆ ಹೊರೆ ಹೆಚ್ಚು, ಹಿಡಿದು ನಿಲ್ಲಿಸುವ ಸ್ನಾಯು ಕಡಿಮೆ. ಸಮತಟ್ಟಾದ ನೆಲದಲ್ಲೂ ಸಣ್ಣ ಏರಿನಲ್ಲೂ ನಡೆಯುವುದು ಬೆನ್ನಿಗೆ ಒಳ್ಳೆಯದೇ. ಕೆಡುಕು ಮಾಡುವುದು ಜಿಗಿತ, ತಿರುಚು, ಮೆಟ್ಟಿಲು ಮತ್ತು ಕಡಿದಾದ ಇಳಿತ. ನಿಂತಲ್ಲೇ ನಾಯಿಯ ಭಾರದ ಸುಮಾರು ಶೇ 60ರಷ್ಟು ಮುಂಗಾಲಿನ ಮೇಲಿರುತ್ತದೆ. ಇಳಿಜಾರಿನಲ್ಲಿ ಅದು ಇನ್ನೂ ಹೆಚ್ಚುತ್ತದೆ, ಹಿಂದಿನ ಉದ್ದ ಬೆನ್ನು ಪ್ರತಿ ಹೆಜ್ಜೆಗೂ ಮುಂದಕ್ಕೆ ನೂಕುತ್ತದೆ.

ಯಾವ ನಾಯಿಗೆ ಬೆಟ್ಟ ಬೇಡ

ಒಂದು ವರ್ಷ ತುಂಬದ ಮರಿಗೆ ಬೇಡ, ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹಿಂದೆ ಯಾವತ್ತಾದರೂ ಬೆನ್ನುನೋವು ಬಂದು ಹೋಗಿದ್ದರೆ ಪಶುವೈದ್ಯರು ಒಪ್ಪುವವರೆಗೆ ಬೇಡ. ಬಸುರಿಗೆ, ಹೃದಯದ ತೊಂದರೆ ಇರುವ ನಾಯಿಗೆ ಬೇಡ. ತೂಕ ಹೆಚ್ಚಿದ್ದರೆ ಮೊದಲು ಅದನ್ನು ಇಳಿಸಿ: ಬೆರಳಾಡಿಸಿದರೆ ಪಕ್ಕೆಲುಬು ಎಣಿಸಲು ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಒಳಕ್ಕೆ ಸರಿದಿರಬೇಕು.

ಕಾರ್ಗಿ, ಬ್ಯಾಸೆಟ್ ಹೌಂಡ್ ಸಾಕಿದವರಿಗೂ ಇಲ್ಲಿನ ಮಾತು ಅನ್ವಯಿಸುತ್ತದೆ. ಶಿಟ್ಜು, ಪಗ್, ಫ್ರೆಂಚ್ ಬುಲ್‌ಡಾಗ್ ಸಾಕಿದವರು ದಯವಿಟ್ಟು ಬೆಟ್ಟದ ಯೋಚನೆ ಬಿಡಿ. ಚಪ್ಪಟೆ ಮೂತಿಯ ನಾಯಿ ಏದುಸಿರಿನಿಂದ ಮೈ ತಣಿಸಿಕೊಳ್ಳಲಾರದು. ಏರಿನಲ್ಲಿ ಅದಕ್ಕೆ ಉಸಿರೇ ಸಾಲುವುದಿಲ್ಲ.

ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಘೋಷಿಸಿದ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗೆ ಸಾಕುನಾಯಿ ಒಯ್ಯುವಂತಿಲ್ಲ. ಕುದುರೆಮುಖ, ನೇತ್ರಾವತಿ ಶಿಖರ, ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತ, ಬ್ರಹ್ಮಗಿರಿ ಇವೆಲ್ಲ ಇಲ್ಲಿಗೇ ಹೊರಗಾದವು. ಕಾರಣ ಬರೀ ಕಾನೂನಲ್ಲ. ನಾಯಿಗಳ ಡಿಸ್ಟೆಂಪರ್ ವೈರಸ್ ಕಾಡುಪ್ರಾಣಿಗಳಿಗೂ ತಗಲುತ್ತದೆ. 2018ರಲ್ಲಿ ಗಿರ್‌ನಲ್ಲಿ ಸತ್ತ ಸಿಂಹಗಳಲ್ಲಿ ಅದು ಪತ್ತೆಯಾಗಿತ್ತು. ನಮ್ಮ ಘಟ್ಟದ ಸೀಳುನಾಯಿಗಳಿಗೂ ಅದೇ ಅಪಾಯ. ಲಸಿಕೆ ಹಾಕಿಸಿದ ನಾಯಿಯಾದರೂ ಅಲ್ಲಿಗೆ ಬೇಡ.

ದೇವಸ್ಥಾನದ ಬೆಟ್ಟಗಳು ಎರಡು ಕಾರಣಕ್ಕೆ ಒಗ್ಗುವುದಿಲ್ಲ. ನಾಯಿಯನ್ನು ಜನ ಒಪ್ಪುವುದಿಲ್ಲ, ಮೇಲಾಗಿ ಅಲ್ಲಿನ ದಾರಿಯೆಲ್ಲ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಡ್ಯಾಶ್‌ಹಂಡ್ ಬೆನ್ನಿಗೆ ಶಿಕ್ಷೆಯೇ ಸರಿ. ಸಾವನದುರ್ಗದಂಥ ಏಕಶಿಲಾ ಬೆಟ್ಟದ ನುಣುಪು ಬಂಡೆ ಹತ್ತಲು ಸುಲಭ ಅನ್ನಿಸಿದರೂ ಇಳಿಯುವಾಗ ಉಗುರಿಗೆ ಹಿಡಿತ ಸಿಗುವುದಿಲ್ಲ, ಬಿಸಿಲೇರಿದ ಮೇಲೆ ಕಲ್ಲು ಸುಡುತ್ತದೆ. ಮನುಷ್ಯನಿಗೆ ಕೈಯೂರಬೇಕಾಗುವ ಅಥವಾ ಹಗ್ಗ ಬೇಕಾಗುವ ಯಾವ ಬಂಡೆಗೂ ಈ ನಾಯಿಯನ್ನು ಒಯ್ಯಬೇಡಿ.

ಹೊಂದುವ ಜಾಗ ಎಂದರೆ ಮಲೆನಾಡು, ಕೊಡಗಿನ ಕಾಫಿ ತೋಟಗಳ ಒಳದಾರಿ, ಅದೂ ತೋಟದವರ ಒಪ್ಪಿಗೆ ಪಡೆದು. ಜೀಪು ಓಡಾಡುವ ಮಣ್ಣುರಸ್ತೆಯಿರುವ ಗುಡ್ಡ, ಊರ ಪಕ್ಕದ ಬೋಳುಗುಡ್ಡ ಕೂಡ ಆಗುತ್ತದೆ. ಒಟ್ಟು ಏರು 300 ಮೀಟರ್ ಮೀರದಿರಲಿ. ಹೋಗುವ ಮೊದಲು ಊರವರನ್ನು ಮೂರು ವಿಷಯ ಕೇಳಿ: ಚಿರತೆ ಓಡಾಟ ಇದೆಯೇ, ಕಾಡುಹಂದಿಗೆ ಉರುಳು ಅಥವಾ ಸಿಡಿಮದ್ದು ಇಡುತ್ತಾರೆಯೇ, ಸೋಲಾರ್ ಬೇಲಿ ಎಲ್ಲಿಂದ ಎಲ್ಲಿಯವರೆಗಿದೆ. ಸಿಡಿಮದ್ದನ್ನು ತಿನ್ನುವ ಪದಾರ್ಥದೊಳಗೆ ಇಟ್ಟಿರುತ್ತಾರೆ. ನೆಲ ಮೂಸುತ್ತ ಹೋಗುವ ನಾಯಿ ಅದನ್ನು ಕಚ್ಚಿದರೆ ದವಡೆಯೇ ಉಳಿಯುವುದಿಲ್ಲ. ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಬಿಡಬಾರದು ಎನ್ನಲು ಇದೊಂದೇ ಕಾರಣ ಸಾಕು.

ಮಳೆಗಾಲ ಪೂರ್ತಿ ಬಿಡಿ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಆದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಮಂಗನ ಕಾಯಿಲೆಯನ್ನು ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರವನ್ನು ಹರಡುವುದು ಉಣುಗು. ಅದರ ಹಾವಳಿ ಹೆಚ್ಚಿರುವುದು ಇದೇ ಒಣ ತಿಂಗಳುಗಳಲ್ಲಿ. ನೆಲದಿಂದ ನಾಲ್ಕು ಬೆರಳು ಮೇಲಿರುವ ನಾಯಿಯ ಹೊಟ್ಟೆ ತರಗೆಲೆಯಲ್ಲಿರುವ ಉಣುಗನ್ನೆಲ್ಲ ಗುಡಿಸಿಕೊಂಡು ನಿಮ್ಮ ಕಾರಿಗೂ ಹಾಸಿಗೆಗೂ ತರುತ್ತದೆ. ಮಂಗ ಸತ್ತ ಸುದ್ದಿ ಇದ್ದ ಊರಿನ ಕಡೆ ಆ ವರ್ಷ ಸುಳಿಯಬೇಡಿ.

ಅಳತೆ ಪಟ್ಟಿ ತೆಗೆದುಕೊಂಡು ಕೂತುಕೊಳ್ಳಿ

ನಾಯಿಯನ್ನು ಸಮನೆಲದಲ್ಲಿ ನಿಲ್ಲಿಸಿ ಎರಡು ಅಳತೆ ತೆಗೆಯಿರಿ. ನೆಲದಿಂದ ಎದೆಯ ಕೆಳಭಾಗಕ್ಕೆ ಎಷ್ಟು, ನೆಲದಿಂದ ಮುಂಗಾಲಿನ ಮೊಣಕೈ ಗಂಟಿಗೆ ಎಷ್ಟು. ನಮ್ಮಲ್ಲಿ ಸಿಗುವ ಡ್ಯಾಶ್‌ಹಂಡ್‌ಗಳಲ್ಲಿ ಮೊಣಕೈ ಸಾಮಾನ್ಯವಾಗಿ 8ರಿಂದ 12 ಸೆಂ.ಮೀ. ಎತ್ತರದಲ್ಲಿರುತ್ತದೆ. ಮೊಣಕೈಗಿಂತ ಎತ್ತರದ ಯಾವ ಕಲ್ಲು, ಬೇರು, ಮೆಟ್ಟಿಲು ಬಂದರೂ ಎತ್ತಿ ದಾಟಿಸಬೇಕು. ಮನೆಯ ಮೆಟ್ಟಿಲೇ 15 ಸೆಂ.ಮೀ. ಇರುತ್ತದೆ ಎಂದಮೇಲೆ ಬೆಟ್ಟದಲ್ಲಿ ಎಷ್ಟು ಸಲ ಬಗ್ಗಬೇಕು ಎಂಬ ಅಂದಾಜು ಸಿಕ್ಕಿರಬೇಕು. ನಿಮ್ಮ ಊರುಗೋಲಿಗೆ ಆ ಎತ್ತರದಲ್ಲಿ ಬಣ್ಣದ ಟೇಪ್ ಸುತ್ತಿಬಿಡಿ. ಕಲ್ಲಿನ ಪಕ್ಕ ಕೋಲಿಟ್ಟರೆ ನಡೆಸಬೇಕೋ ಎತ್ತಬೇಕೋ ಗೊತ್ತಾಗುತ್ತದೆ.

ಎರಡು ತಿಂಗಳ ತಯಾರಿ

ಮೊದಲ ಎರಡು ವಾರ ಸಮತಟ್ಟು ಮಣ್ಣಿನ ಮೇಲೆ ದಿನಕ್ಕೆ ಎರಡು ಸಲ, ಸಲಕ್ಕೆ 20 ನಿಮಿಷ. ಕೆರೆ ಏರಿ, ಉದ್ಯಾನದ ಮಣ್ಣಿನ ದಾರಿ ಸಾಕು, ಕಾಂಕ್ರೀಟ್ ಬೇಡ. ಮೂರನೇ ವಾರದಿಂದ ವಾರಕ್ಕೆ ಶೇ 10ರಷ್ಟು ಮಾತ್ರ ಹೊತ್ತು ಹೆಚ್ಚಿಸಿ. ಐದನೇ ವಾರ ಸಣ್ಣ ಏರು ಸೇರಿಸಿ: ಹತ್ತಿಸಿ, ಎತ್ತಿಕೊಂಡು ಇಳಿಸಿ, ಮತ್ತೆ ಹತ್ತಿಸಿ. ಹಿಂಗಾಲಿಗೂ ಬೆನ್ನಿಗೂ ಬಲ ಬರುವುದು ಏರಿನಿಂದ. ಎಂಟನೇ ವಾರದ ಹೊತ್ತಿಗೆ ದಿನಕ್ಕೆ ಒಟ್ಟು ಸುಮಾರು 70 ನಿಮಿಷ ನಡೆದ ಮರುದಿನವೂ ನಾಯಿ ಎಂದಿನಂತೆ ಚುರುಕಾಗಿ ಎದ್ದರೆ ತಯಾರಿ ಆಯಿತು. ಮೊದಲ ಬೆಟ್ಟದ ದಿನ ಒಟ್ಟು 3 ಕಿ.ಮೀ. ಸಾಕು. ಚೆನ್ನಾಗಿ ಪಳಗಿದ ನಾಯಿಗೂ 6ರಿಂದ 8 ಕಿ.ಮೀ. ಮಿತಿ, 5 ಕೆ.ಜಿ.ಗಿಂತ ಹಗುರಾದ ಮಿನಿಯೇಚರ್ ಆದರೆ 4.

ಲಸಿಕೆಗಳನ್ನು ಈ ಎರಡು ತಿಂಗಳಲ್ಲೇ ಮುಗಿಸಿ. ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯೂ ಇರಲೇಬೇಕು. ಮೊದಲ ಸಲ ಕೆಲವು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಉಣುಗಿನ ಮಾತ್ರೆಯನ್ನು ವೈದ್ಯರು ಹೇಳಿದ ತೂಕದ ಲೆಕ್ಕದಲ್ಲಿ ಹೊರಡುವ ಕೆಲವು ದಿನ ಮೊದಲೇ ಕೊಡಿ. ಉಗುರು ಕತ್ತರಿಸುವುದು ಮೂರು ನಾಲ್ಕು ದಿನ ಮುಂಚೆ ಆಗಲಿ, ಹಿಂದಿನ ರಾತ್ರಿ ಬೇಡ.

ಎತ್ತುವುದನ್ನು ಕಲಿಯಿರಿ

ಇದು ಇಡೀ ಕೆಲಸದ ಜೀವಾಳ. ಮನೆಯಲ್ಲಿ ದಿನಾ ಅಭ್ಯಾಸ ಮಾಡಿ. ನಾಯಿಯ ಎದುರಿಗಲ್ಲ, ಪಕ್ಕಕ್ಕೆ ಒಂದು ಮಂಡಿಯೂರಿ ಕೂರಿ. "ಎತ್ತು" ಎಂದು ಹೇಳಿ, ಆಗ ಅದು ಮೈ ಬಿಗಿಹಿಡಿದು ಸಿದ್ಧವಾಗುತ್ತದೆ. ಒಂದು ಕೈ ಮುಂಗಾಲುಗಳ ಹಿಂದೆ ಎದೆಯಡಿಗೆ, ಇನ್ನೊಂದು ಕೈ ಹಿಂದೊಡೆಗಳ ಅಡಿಗೆ, ಕುಂಡೆಯ ಭಾರ ಪೂರ್ತಿ ಅಂಗೈಗೆ ಬರುವಂತೆ. ಎರಡೂ ಕೈ ಒಟ್ಟಿಗೆ ಮೇಲೇಳಬೇಕು. ಬೆನ್ನು ನೆಲಕ್ಕೆ ಸಮನಾಗಿರಬೇಕು. ನಿಮ್ಮ ಪಕ್ಕೆಗೆ ಒತ್ತಿ ಹಿಡಿದು, ಸೊಂಟದಿಂದಲ್ಲ, ಕಾಲಿನ ಬಲದಿಂದ ಎದ್ದು ನಿಲ್ಲಿ.

ತಪ್ಪು ಆಗುವುದು ಹೆಚ್ಚಾಗಿ ಇಳಿಸುವಾಗ. ಕೊನೆಯ ಅರ್ಧ ಅಡಿ ಉಳಿದಿರುವಾಗ ನಾಯಿ ಕೈಯಿಂದ ಜಿಗಿಯುತ್ತದೆ, ಬೆನ್ನು ತಿರುಚುತ್ತದೆ. ನಾಲ್ಕೂ ಪಾದ ನೆಲ ಮುಟ್ಟಿದ ಮೇಲೂ ಒಂದೆರಡು ಸೆಕೆಂಡ್ ಹಿಡಿದೇ ಇದ್ದು, "ಹೋಗು" ಎಂದು ಹೇಳಿ ಕೈ ಬಿಡಿ. ಮುಂಗಾಲು ಹಿಡಿದು ಎತ್ತುವುದು, ಕಂಕುಳಲ್ಲಿ ಕೈಹಾಕಿ ಮಗುವಿನಂತೆ ನೇತಾಡಿಸುವುದು, ಹಾರ್ನೆಸ್ಸಿನ (ಎದೆ, ಹೊಟ್ಟೆಗೆ ತೊಡಿಸುವ ಪಟ್ಟಿ) ಹಿಡಿ ಹಿಡಿದು ಚೀಲದಂತೆ ಎತ್ತುವುದು, ಈ ಮೂರನ್ನೂ ಮನೆಯವರೆಲ್ಲರೂ ಬಿಡಬೇಕು, ಮಕ್ಕಳೂ ಸೇರಿ.

ಸಾಮಾನು

ಕೊರಳ ಬೆಲ್ಟಿಗೆ ಹೆಸರು, ಫೋನ್ ನಂಬರಿನ ಬಿಲ್ಲೆ ಮಾತ್ರ ಇರಲಿ; ಲೀಶ್ ಕಟ್ಟುವುದು ಹಾರ್ನೆಸ್ಸಿಗೆ. ಡಿಸ್ಕ್ ತೊಂದರೆ ಕುತ್ತಿಗೆಗೂ ಬರುತ್ತದೆ, ಬೆಲ್ಟ್ ಎಳೆದರೆ ಅಲ್ಲಿಗೇ ಪೆಟ್ಟು. ಹಾರ್ನೆಸ್ಸಿನ ಮುಂಭಾಗ ಇಂಗ್ಲಿಷಿನ ವೈ ಅಕ್ಷರದಂತಿದ್ದು ಭುಜ ಬಿಟ್ಟಿರಬೇಕು, ಹೊಟ್ಟೆಪಟ್ಟಿ ಅಗಲವಿರಬೇಕು, ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೊಸ ಹಾರ್ನೆಸ್ ತೊಡಿಸಿ ಎರಡು ವಾರ ನಡೆಸಿ. ಡ್ಯಾಶ್‌ಹಂಡ್‌ನ ಎದೆಮೂಳೆ ಮುಂದಕ್ಕೆ ಚಾಚಿರುವುದರಿಂದ ಕಂಕುಳಲ್ಲಿ ಉಜ್ಜಿ ಗಾಯವಾಗುವುದು ಬೇಗ. ಲೀಶ್ 1.5ರಿಂದ 2 ಮೀಟರ್, ಉದ್ದ ಬದಲಾಗದಂಥದ್ದು. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಕೊನೆಯಲ್ಲಿ ಜಗ್ಗುತ್ತದೆ.

ಹೊರುವ ಚೀಲದ ವಿಷಯದಲ್ಲಿ ಜಾಗ್ರತೆ. ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ, ನಾಯಿಯನ್ನು ನೆಟ್ಟಗೆ ನಿಲ್ಲಿಸಿ ಕಾಲು ಹೊರಗೆ ತೂಗುಬಿಡುವ ಬೆನ್ನುಚೀಲ ಈ ತಳಿಗೆ ಆಗದು, ಮೈಭಾರವೆಲ್ಲ ಸೊಂಟದ ಡಿಸ್ಕಿನ ಮೇಲೆ ಬೀಳುತ್ತದೆ. ನಾಯಿ ಅಡ್ಡಡ್ಡ ಮಲಗುವಂಥ, ಹೆಗಲಿನಿಂದ ಎದೆಯ ಮುಂದೆ ಬರುವ ಜೋಳಿಗೆ ಬೇಕು. ತಳಕ್ಕೆ ಯೋಗಾಮ್ಯಾಟ್ ಕತ್ತರಿಸಿ ಎರಡು ಪದರ ಹಾಕಿ, ಅದು ಕುಗ್ಗದಂತೆ ಒಂದು ತೆಳು ಪ್ಲಾಸ್ಟಿಕ್ ಹಲಗೆ ಇಡಿ. ಹೊತ್ತ ಅರ್ಧ ಗಂಟೆಗೊಮ್ಮೆ ಇಳಿಸಿ ಮೈಮುರಿಯಲು ಬಿಡಿ. ನಾಯಿ 8 ಕೆ.ಜಿ., ನೀರು 3 ಲೀಟರ್, ಉಳಿದದ್ದು 2 ಕೆ.ಜಿ. ಎಂದರೆ 13 ಕೆ.ಜಿ. ಆಯಿತು. 60 ಕೆ.ಜಿ. ತೂಗುವವರು ಇದನ್ನು ಹೊತ್ತು ಕಡಿದಾದ ಇಳಿಜಾರಿನಲ್ಲಿ ಒಬ್ಬರೇ ನಡೆಯುವುದು ಸರಿಯಲ್ಲ. ಇಬ್ಬರು ಹೋಗಿ.

ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಗಾಜ್ ಸುರುಳಿ, ತನಗೆ ತಾನೇ ಅಂಟುವ ಬ್ಯಾಂಡೇಜ್, 100 ಮಿ.ಲೀ. ಸಲೈನ್, ಪೊವಿಡೋನ್ ಅಯೋಡಿನ್, ಚಿಮಟ, ಡಿಜಿಟಲ್ ಥರ್ಮಾಮೀಟರ್, ಉಪ್ಪಿನ ಪೊಟ್ಟಣ, ಬಾಯಿ ಕಟ್ಟಲು ಮೆತ್ತನೆ ಬಟ್ಟೆಪಟ್ಟಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ನಿಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆ ನಾಯಿಗೆ ವಿಷ. ಯಾವ ಕಾರಣಕ್ಕೂ ಕೊಡಬೇಡಿ.

ಬೆಟ್ಟದ ದಿನ

ಹೊರಡುವ ಮೂರು ಗಂಟೆ ಮೊದಲು ಎಂದಿನ ಊಟದ ಮೂರನೇ ಒಂದು ಭಾಗ ಕೊಡಿ, ತುಂಬಿದ ಹೊಟ್ಟೆಯಲ್ಲಿ ಹತ್ತಿಸಬೇಡಿ. ಬುತ್ತಿಗೆ ಬೇಯಿಸಿದ ಮೊಟ್ಟೆ ಅಥವಾ ಉಪ್ಪು ಖಾರ ಇಲ್ಲದ ಕೋಳಿ ಸಾಕು. ನಿಮ್ಮ ಡ್ರೈಫ್ರೂಟ್ಸ್ ಡಬ್ಬಿಯನ್ನು ಅದರ ಮೂತಿಗೆ ಸಿಗದಂತಿಡಿ: ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ಚಾಕೊಲೇಟೂ ಬೇಡ.

ಪೂರ್ತಿ ಬೆಳಕು ಹರಿದ ಮೇಲೆ ನಡಿಗೆ ಶುರುವಾಗಲಿ, ನಸುಕು ಮತ್ತು ಮುಸ್ಸಂಜೆ ಚಿರತೆಯ ಹೊತ್ತು. ಹತ್ತು ಗಂಟೆಯೊಳಗೆ ಮೇಲೆ ತಲುಪುವ ಲೆಕ್ಕ ಹಾಕಿ. ನೆರಳಿನಲ್ಲೇ 25 ಡಿಗ್ರಿ ದಾಟಿದರೆ ಅಲ್ಲಿಂದಲೇ ಹಿಂತಿರುಗಿ, ತುದಿ ಎಷ್ಟೇ ಹತ್ತಿರವಿರಲಿ. ನೆಲಕ್ಕೆ ಹತ್ತಿರವಿರುವ ಹೊಟ್ಟೆಗೆ ಮಣ್ಣಿನ, ಬಂಡೆಯ ಕಾವು ನೇರ ಹೊಡೆಯುತ್ತದೆ. ನಿಮಗೆ ತಂಗಾಳಿ ತಾಗುತ್ತಿರುವಾಗಲೂ ಅದು ಕಾವಲಿಯ ಮೇಲಿರುತ್ತದೆ. ಮುಂಗೈ ಹಿಂಭಾಗವನ್ನು ಕಲ್ಲಿನ ಮೇಲೆ 7 ಸೆಕೆಂಡ್ ಇಡಲು ಆಗದಿದ್ದರೆ ಪಾದವೂ ಸುಡುತ್ತದೆ.

20 ನಿಮಿಷ ನಡಿಗೆ, 10 ನಿಮಿಷ ನೆರಳಲ್ಲಿ ವಿಶ್ರಾಂತಿ. ಪ್ರತಿ ನಿಲುಗಡೆಯಲ್ಲಿ 50ರಿಂದ 100 ಮಿ.ಲೀ. ನೀರು. 8 ಕೆ.ಜಿ. ನಾಯಿಗೆ ಅರ್ಧ ದಿನಕ್ಕೆ ಕುಡಿಯಲು 1 ಲೀಟರ್, ತುರ್ತಿಗೆ ಮೈಮೇಲೆ ಸುರಿಯಲು ಇನ್ನೊಂದು ಲೀಟರ್ ಬೇರೆಯೇ ಇರಲಿ. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿಜ್ವರ ಬರುವುದು ಅಲ್ಲಿಂದ. ಹಳ್ಳದ ನೀರಿನಲ್ಲಿ ಮೂಗಿನೊಳಗೆ ಸೇರುವ ಜಿಗಣೆಯೂ ಇರುತ್ತದೆ. ನಡಿಗೆಯ ಬಳಿಕ ದಿನಗಟ್ಟಲೆ ಒಂದೇ ಹೊಳ್ಳೆಯಲ್ಲಿ ರಕ್ತ, ಸೀನು ಇದ್ದರೆ ವೈದ್ಯರಿಗೆ ಆ ಅನುಮಾನ ಹೇಳಿ.

ದಾರಿಬದಿಯ ಬಿಲ, ಕಲ್ಲಿನ ಸಂದು, ಹುತ್ತದ ಬಳಿ ಲೀಶ್ ಒಂದು ಮೊಳಕ್ಕೆ ತನ್ನಿ. ಬಿಲಕ್ಕೆ ಮೂತಿ ಹಾಕುವುದು ಇದರ ಹುಟ್ಟುಗುಣ, ಹಾವು ಕಚ್ಚುವುದು ಮೂತಿಗೇ. ಊರನಾಯಿಗಳ ಗುಂಪು ಎದುರಾದರೆ ಅವು ದೂರ ಇರುವಾಗಲೇ ನಾಯಿಯನ್ನು ಜೋಳಿಗೆಗೆ ಹಾಕಿ, ಓಡದೆ, ಕೋಲು ನೆಲಕ್ಕೆ ಕುಟ್ಟುತ್ತ ದಾಟಿ.

ಇನ್ನು ಇಳಿತ. ಹತ್ತಿದ ದಾರಿ ನಿಮಗೆ ಗೊತ್ತಿರುತ್ತದೆ; ಎಲ್ಲಿ ನಡೆಸಬೇಕು, ಎಲ್ಲಿ ಹೊರಬೇಕು ಎಂದು ತುದಿಯಲ್ಲೇ ನಿರ್ಧರಿಸಿ. ಸಡಿಲ ಜಲ್ಲಿ, ಒದ್ದೆ ಜಂಬಿಟ್ಟಿಗೆ, ಒಣಹುಲ್ಲಿನ ಜಾರು, ಮೆಟ್ಟಿಲು ಇಲ್ಲೆಲ್ಲ ಜೋಳಿಗೆ. ಮಿಕ್ಕಲ್ಲಿ ನೀವು ಒಂದು ಹೆಜ್ಜೆ ಕೆಳಗಿದ್ದು, ಲೀಶ್ ಗಿಡ್ಡ ಹಿಡಿದು, ನೇರ ಇಳಿಸದೆ ಅಂಕುಡೊಂಕಾಗಿ ನಡೆಸಿ. ಅದು ಓಡಲು ನೋಡಿದರೆ ಕೂರಿಸಿ, ಉಸಿರು ತಗ್ಗಿದ ಮೇಲೆ ಹೊರಡಿ. ಒಟ್ಟು ಇಳಿತದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತೇ ಇಳಿಸಿದರೆ ಅದು ಜಾಣತನ.

ಕೆಟ್ಟದ್ದು ಆದರೆ

ಬಿಸಿಲಾಘಾತ: ನಾಲಿಗೆ ಅಗಲವಾಗಿ ಹೊರಬಿದ್ದು ಕಡುಗೆಂಪಾಗುತ್ತದೆ, ಜೊಲ್ಲು ಅಂಟಾಗುತ್ತದೆ, ನಡಿಗೆ ತೂರಾಡುತ್ತದೆ. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ. ಮೊದಲು ಅಲ್ಲೇ ತಣಿಸಿ, ಆಮೇಲೆ ಸಾಗಿಸಿ. ಮೈಯೆಲ್ಲ ನೆನೆಯುವಂತೆ ನೀರು ಸುರಿದು ಟೋಪಿಯಿಂದಲೋ ಚಾಪೆಯಿಂದಲೋ ಗಾಳಿ ಬೀಸಿ. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. 39.5ಕ್ಕೆ ಇಳಿದಾಗ ನಿಲ್ಲಿಸಿ.

ಹಾವು: ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಹಾರ್ನೆಸ್, ಬೆಲ್ಟ್ ಬಿಚ್ಚಿ (ಊತ ಬಂದಾಗ ಬಿಗಿಯುತ್ತದೆ), ನಡೆಸದೆ ಹೊತ್ತು ಆಸ್ಪತ್ರೆ ಸೇರಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಬಳಸುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಅದು ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಹೊರಡುವ ಹಿಂದಿನ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಇಂಬಳ (ನೆಲದ ಜಿಗಣೆ) ಹತ್ತಿದರೆ ಕಿತ್ತೆಳೆಯಬೇಡಿ. ಬಾಯಿ ಕಚ್ಚಿರುವ ಸಪೂರ ತುದಿಯಡಿ ಉಗುರು ಸರಿಸಿ ಬಿಡಿಸಿ, ಇಲ್ಲವೇ ಉಪ್ಪುನೀರು ಹಚ್ಚಿ. ಮಲೆನಾಡಿನಲ್ಲಿ ನಾವು ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ಸುಣ್ಣವನ್ನು ನಾಯಿಗೆ ಹಚ್ಚಲೇಬಾರದು. ನಾಯಿ ನೆಕ್ಕಿಕೊಳ್ಳುತ್ತದೆ, ನಿಕೋಟಿನ್ ಅದಕ್ಕೆ ವಿಷ.

ಬೆನ್ನು: ಇದ್ದಕ್ಕಿದ್ದಂತೆ ನಿಂತು ನಡುಗುವುದು, ಬೆನ್ನು ಕಮಾನಾಗುವುದು, ಎತ್ತುವಾಗ ಕುಂಯ್ ಎನ್ನುವುದು, ಹಿಂಪಾದ ಎಳೆಯುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಅಲ್ಲಿಂದ ಮುಂದೆ ಅದು ಒಂದು ಹೆಜ್ಜೆಯೂ ನಡೆಯಬಾರದು. ಒಂದು ಸರಳ ಪರೀಕ್ಷೆ ಇದೆ. ಹೊಟ್ಟೆಯಡಿ ಆಸರೆ ಕೊಟ್ಟು ನಿಲ್ಲಿಸಿ, ಒಂದು ಹಿಂಪಾದವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿದ್ದರೆ ನಾಯಿ ತಕ್ಷಣ ಪಾದ ತಿರುಗಿಸಿ ಸರಿಯಾಗಿ ಊರುತ್ತದೆ. ತಡಮಾಡಿದರೆ, ಮಡಚಿದಂತೆಯೇ ಬಿಟ್ಟರೆ ಬೆನ್ನುಹುರಿಗೆ ಒತ್ತಡ ಬಿದ್ದಿದೆ. ಜೋಳಿಗೆಯ ಹಲಗೆಯ ಮೇಲೆ ಮಲಗಿಸಿ, ಟವೆಲ್‌ನಿಂದ ಅಲುಗಾಡದಂತೆ ಕಟ್ಟಿ ಹೊತ್ತು ಇಳಿಸಿ. ತಿಕ್ಕುವುದು, ಎಣ್ಣೆ ಹಚ್ಚುವುದು, ನೋವಿನ ಮಾತ್ರೆ ಬೇಡ. ಕಾಲು ಬಿದ್ದು ಬೆರಳು ಚಿವುಟಿದರೂ ನೋವು ತಿಳಿಯದ ಸ್ಥಿತಿಗೆ ಬಂದಿದ್ದರೆ ಗಂಟೆಗಳ ಲೆಕ್ಕ. ನಾಳೆ ನೋಡೋಣ ಎನ್ನದೆ ಶಸ್ತ್ರಚಿಕಿತ್ಸೆ ಸಾಧ್ಯವಿರುವ ಕಡೆಗೇ ನೇರ ಹೋಗಿ. ಹೆಬ್ಬಾಳ, ಹಾಸನ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ದಾರಿಗೆ ಹತ್ತಿರದ್ದು ಯಾವುದು, ಅಲ್ಲಿ ಬೆನ್ನಿನ ಆಪರೇಷನ್ ಮಾಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ ಬರೆದಿಟ್ಟುಕೊಂಡಿರಿ.

ಮನೆಗೆ ಬಂದ ಮೇಲೆ

ಕಾರು ಹತ್ತಿಸುವ ಮೊದಲೇ ಒಂದು ಸಲ ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಬಾಚಿ, ಬಿದ್ದ ಉಣುಗು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಬೆರಳ ಸಂದು, ಕಿವಿಯ ಮಡಿಕೆ, ಕಂಕುಳು, ಬಾಲದ ಬುಡ ಬೆರಳಿನಿಂದ ತಡವಿ ನೋಡಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಅಂಟಿ ಹಿಡಿದು ನೇರ ಎಳೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ. ಹೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು: ಮುಟ್ಟಿದರೆ ಮುನಿಯ ಮುಳ್ಳು ಎತ್ತರದ ನಾಯಿಗೆ ಕಾಲಿಗೆ ತಾಗಿದರೆ ಇದಕ್ಕೆ ಹೊಟ್ಟೆಯುದ್ದಕ್ಕೂ ಗೀರುತ್ತದೆ. ಸಲೈನಿನಲ್ಲಿ ತೊಳೆದು ಒಣಗಿಸಿ. ಬೆರಳ ಸಂದಿಗೆ ಹೊಕ್ಕ ಹುಲ್ಲಿನ ಚೂಪುಬೀಜ ಅಲ್ಲೇ ಉಳಿದರೆ ಒಳಗೊಳಗೇ ಸರಿದು ಕೀವು ಕಟ್ಟುತ್ತದೆ.

ಮುಂದಿನ ಎರಡು ದಿನ ಮೂತ್ರಕ್ಕೆ ಹೋಗಿಬರುವಷ್ಟೇ ನಡಿಗೆ. ಸೋಫಾ, ಮಂಚಕ್ಕೆ ಹತ್ತಲು ಬಿಡಬೇಡಿ, ಮೆಟ್ಟಿಲಿಗೆ ಅಡ್ಡ ಹಲಗೆ ಹಾಕಿ. ಒಡೆದ ಡಿಸ್ಕಿನ ನೋವು ಅದೇ ದಿನ ಕಾಣಿಸಬೇಕೆಂದಿಲ್ಲ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಒಲ್ಲೆನೆನ್ನುವುದೇ ಮೊದಲ ಸೂಚನೆಯಾಗಬಹುದು. ಪಾದ ಮಡಚುವ ಪರೀಕ್ಷೆಯನ್ನು ಎರಡೂ ದಿನ ಬೆಳಿಗ್ಗೆ, ಸಂಜೆ ಮಾಡಿ. ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು ಕಂಡರೆ ಉಣುಗಿನಿಂದ ಬರುವ ರಕ್ತದ ಕಾಯಿಲೆಯ ಪರೀಕ್ಷೆ ಮಾಡಿಸಿ. ನಿಮಗೇ ಜ್ವರ ಬಂದರೆ, ಯಾವ ಊರಿನ ಕಾಡಂಚಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.